ಕೋರ್ ಹೆಚ್ಚಿಸಿದರೂ ಪ್ಯಾಕೆಟ್ ವೇಗ ಏರುತ್ತಿಲ್ಲ: ಅಟಾಮಿಕ್ ಆಪರೇಷನ್ ಕಡಿಮೆ ಮಾಡುವುದು ಹೇಗೆ?

ಹಿಂಜವಡಿ_ಹುಕ್, ಪುಣೆ

ಲಿನಕ್ಸ್ 5.10 ಕರ್ನಲ್ ಮೇಲೆ ಓಡುವ ಫಾರ್ವರ್ಡಿಂಗ್ ಗೇಟ್‌ವೇ. ಎರಡು ಸಾಕೆಟ್‌ನ ಎಕ್ಸ್86 ಮಷೀನ್, ಸಾಕೆಟ್‌ಗೆ 12 ಕೋರ್, ಹೈಪರ್‌ಥ್ರೆಡಿಂಗ್ ಸೇರಿ 48 ಸಿಪಿಯು. 25 ಗಿಗಾಬಿಟ್ ಕಾರ್ಡ್ ಮೊದಲ ಸಾಕೆಟ್‌ನ ಪಿಸಿಐಇ ಸ್ಲಾಟ್‌ನಲ್ಲಿದೆ. ಪ್ರಿರೌಟಿಂಗ್‌ನಲ್ಲಿ (ರೌಟ್ ಹುಡುಕುವ ಮುಂಚಿನ ಹಂತ) ನಮ್ಮದೇ ನೆಟ್‌ಫಿಲ್ಟರ್ ಹುಕ್, ಅಂದರೆ ಪ್ರತಿ ಪ್ಯಾಕೆಟ್‌ಗೆ ಕರ್ನಲ್ ಕರೆಯುವ ಫಂಕ್ಷನ್, ಇದೆ. ಕನೆಕ್ಷನ್ ಟ್ರ್ಯಾಕಿಂಗ್ ಕೂಡ ಆನ್ ಇದೆ.

ಹುಕ್‌ನಲ್ಲಿ ಪ್ರತಿ ಪ್ಯಾಕೆಟ್‌ಗೆ ನಡೆಯುವುದು ಇಷ್ಟು: ಹ್ಯಾಶ್ ಟೇಬಲ್‌ನಲ್ಲಿ ಫ್ಲೋ (ಒಂದೇ ಸಂಪರ್ಕದ ಪ್ಯಾಕೆಟ್‌ಗಳ ದಾಖಲೆ) ಹುಡುಕು, ಸಿಕ್ಕರೆ ರೆಫ್‌ಕೌಂಟ್_ಇಂಕ್_ನಾಟ್_ಜೀರೊ (ಬಳಸುತ್ತಿರುವವರ ಎಣಿಕೆ 0 ಅಲ್ಲದಿದ್ದರೆ ಒಂದು ಏರಿಸು), ಆ ಫ್ಲೋನ ಪ್ಯಾಕೆಟ್ ಮತ್ತು ಬೈಟ್ ಕೌಂಟರ್‌ಗೆ ಒಂದೊಂದು ಅಟಾಮಿಕ್64 ಆಡ್, ಇಡೀ ಮಾಡ್ಯೂಲ್‌ಗೆ ಒಂದೇ ಇರುವ ಒಟ್ಟು ಕೌಂಟರ್‌ಗೆ ಇನ್ನೊಂದು ಆಡ್, ಕೊನೆಯ ಸಲ ಕಂಡ ಸಮಯ ಎಂದು ಜಿಫೀಸ್ (ಕರ್ನಲ್‌ನ ಟಿಕ್ ಎಣಿಕೆ) ಬರೆ, ರೆಫರೆನ್ಸ್ ಬಿಡು. ಅಂದರೆ ನಮ್ಮ ಕೋಡ್‌ನಿಂದಲೇ ಪ್ಯಾಕೆಟ್‌ಗೆ ಐದು ಅಟಾಮಿಕ್ (ಬೇರೆ ಕೋರ್ ನಡುವೆ ನುಗ್ಗದಂತೆ ಒಂದೇ ಏಟಿಗೆ ಓದಿ ಬದಲಿಸಿ ಬರೆಯುವ ಕೆಲಸ).

64 ಬೈಟ್‌ನ ಯುಡಿಪಿ ಪ್ಯಾಕೆಟ್ ಸುರಿದು ನೋಡಿದರೆ ಕಾರ್ಡ್‌ನ 4 ಕ್ಯೂನಿಂದ 8 ಕ್ಯೂಗೆ ಹೋದಾಗ ವೇಗ ಚೆನ್ನಾಗಿಯೇ ಏರುತ್ತದೆ. 8ರಿಂದ 16ಕ್ಕೆ ಹೋದರೆ ಏರುವುದಿರಲಿ, ತುಸು ಇಳಿಯುತ್ತದೆ. ಎಲ್ಲ ಕೋರ್‌ಗಳೂ ನೂರಕ್ಕೆ ನೂರು ಬಿಸಿ. ಯಾವ ಇನ್‌ಸ್ಟ್ರಕ್ಷನ್‌ಗೆ ಎಷ್ಟು ಸಮಯ ಎಂದು ತೋರಿಸುವ ಪರ್ಫ್ ಆನೊಟೇಟ್‌ನಲ್ಲಿ ನಮ್ಮ ಹುಕ್ ಒಳಗೆ ಒಂದು ಸಾಮಾನ್ಯ ಮೂವ್ ಇನ್‌ಸ್ಟ್ರಕ್ಷನ್ ಮೇಲೆ ಭಾರಿ ಶೇಕಡಾವಾರು ಕಾಣುತ್ತದೆ. ಅದು ಯಾಕೆ ಅಷ್ಟು ದುಬಾರಿ ಎಂಬುದೇ ಅರ್ಥವಾಗುತ್ತಿಲ್ಲ.

ಕೇಳಬೇಕಾದದ್ದು: ಯಾವ ಅಟಾಮಿಕ್ ನಿಜವಾಗಿ ಕಾಡುತ್ತಿದೆ ಎಂದು ಪತ್ತೆ ಹಚ್ಚುವುದು ಹೇಗೆ? ಫ್ಲೋ ಮೇಲಿನ ರೆಫ್‌ಕೌಂಟ್ ತೆಗೆದರೆ ಅಪಾಯ ಇದೆಯೇ? ನಮ್ಮ ಕೋಡ್ ಬಿಟ್ಟು ಕರ್ನಲ್ ತಾನೇ ಮಾಡುವ ಅಟಾಮಿಕ್‌ಗಳಲ್ಲಿ ಪ್ಯಾಚ್ ಹಾಕದೆ ತಪ್ಪಿಸಬಹುದಾದವು ಯಾವುವು?

---

ಕೊಥ್ರೂಡ್_ಕರ್ನಲ್, ಪುಣೆ

ನೋಡ್ರಿ, ಮೊದಲ ಲೆಕ್ಕ ಹಾಕೋಣ, ಆಮ್ಯಾಲ ಕೋಡ್ ಮುಟ್ಟೋಣ.

64 ಬೈಟ್ ಫ್ರೇಮ್ ತಂತಿ ಮ್ಯಾಲ 84 ಬೈಟ್ ಜಾಗಾ ಹಿಡೀತದ, ಪ್ರಿಅಂಬಲ್ ಮತ್ತ ನಡುವಿನ ಅಂತರ ಸೇರಿ. ಅಂದ್ರ 672 ಬಿಟ್. 25 ಗಿಗಾಬಿಟ್‌ನಾಗ ಅದು 26.88 ನ್ಯಾನೊಸೆಕೆಂಡ್, ಸೆಕೆಂಡಿಗೆ ಸುಮಾರು 3.72 ಕೋಟಿ ಪ್ಯಾಕೆಟ್. 12 ಕೋರ್‌ಗೆ ಹಂಚಿದ್ರ ಒಂದು ಕೋರ್‌ಗೆ ಪ್ಯಾಕೆಟ್‌ಗೆ 322 ನ್ಯಾನೊಸೆಕೆಂಡ್ ಸಿಗ್ತದ, 3 ಗಿಗಾಹರ್ಟ್ಸ್‌ಗೆ ಸುಮಾರು 970 ಸೈಕಲ್. ಲಾಕ್ ಪ್ರಿಫಿಕ್ಸ್ ಇರೋ ಒಂದು ಇನ್‌ಸ್ಟ್ರಕ್ಷನ್, ಅಂದ್ರ ಒಂದು ಅಟಾಮಿಕ್, ಕ್ಯಾಶ್ ಲೈನ್ (ಕ್ಯಾಶ್‌ನಾಗ ಒಟ್ಟಿಗೆ ಓಡಾಡೋ 64 ಬೈಟ್ ತುಂಡು) ತನ್ನ ಎಲ್1 ಒಳಗೇ ಇದ್ದಾಗ, 20 ಸೈಕಲ್ ಆಸುಪಾಸು ತಿಂತದ. ಐದು ಅಂದ್ರ 100. ಅದು ಹಗುರ ಅಲ್ಲ ಖರೆ, ಆದ್ರ ನಿಮ್ಮ ವೇಗ ಕಟ್ಟಿಹಾಕೋದು ಅದಲ್ಲ.

ಕಟ್ಟಿಹಾಕೋದು ಆ ಒಂದು ಒಟ್ಟು ಕೌಂಟರ್. ಒಂದು ಕ್ಯಾಶ್ ಲೈನ್ ಬರೆಯೋ ಹಕ್ಕಿನೊಂದಿಗೆ ಒಂದು ಹೊತ್ತಿಗೆ ಒಂದೇ ಕೋರ್ ಕಡೆ ಇರಬಹುದು. ಉಳಿದವು ಸಾಲಿನಾಗ ಕಾಯಬೇಕು. ಲೈನ್ ಒಂದು ಕೋರ್‌ನಿಂದ ಇನ್ನೊಂದಕ್ಕ ಹೋಗಾಕ ಒಂದೇ ಸಾಕೆಟ್ ಒಳಗ ಕೆಲವು ಹತ್ತು ನ್ಯಾನೊಸೆಕೆಂಡ್ ಬೇಕು, ಸಾಕೆಟ್ ದಾಟಿದ್ರ 100 ಅಥವಾ ಅದಕ್ಕೂ ಹೆಚ್ಚು. 50 ಅಂತ ಹಿಡೀರಿ: ಇಡೀ ಮಷೀನ್ ಸೇರಿ ಆ ಕೌಂಟರ್ ಸೆಕೆಂಡಿಗೆ 2 ಕೋಟಿ ಸಲಕ್ಕಿಂತ ಹೆಚ್ಚು ಏರಾಕ ಸಾಧ್ಯನ ಇಲ್ಲ. 100 ಅಂದ್ರ 1 ಕೋಟಿ. ಎಷ್ಟು ಕೋರ್ ಹಚ್ಚಿದ್ರೂ ಅಷ್ಟ. ಕೋರ್ ಹೆಚ್ಚಾದಷ್ಟು ಸಾಲು ಉದ್ದ ಆಗ್ತದ, ಅದಕ್ಕ ಎಲ್ಲಾ ಬಿಸಿ, ಕೆಲಸ ಮಾತ್ರ ಅಲ್ಲೇ.

ನಿಮ್ಮ 16 ಕ್ಯೂ ಸುಳಿವು ಇಲ್ಲೇ ಅದ. ಸಾಕೆಟ್‌ಗೆ 12 ಕೋರ್. ಕೋರ್‌ಗೆ ಒಂದರಂಗ 16 ಕ್ಯೂ ಹಾಕಿದ್ರ ನಾಲ್ಕು ಎರಡನೇ ಸಾಕೆಟ್‌ಗೆ ಹೋಗ್ತಾವ, ಇಂಟರಪ್ಟ್‌ಗಳನ್ನ ಕೋರ್‌ಗಳಿಗೆ ಹಂಚೋ ಐಆರ್‌ಕ್ಯೂ ಬ್ಯಾಲೆನ್ಸ್ ಓಡ್ತಿದ್ರ ಇನ್ನೂ ಹೆಚ್ಚು ಹೋಗಬಹುದು. ಆಗ ಪ್ರತಿ ಸುತ್ತಿನಾಗೂ ಲೈನ್ ಸಾಕೆಟ್ ದಾಟ್ತದ, ವೇಗ ಇಳೀತದ.

ಆ ಮೂವ್ ಇನ್‌ಸ್ಟ್ರಕ್ಷನ್ ಬಗ್ಗೆ: ಅದರ ತಪ್ಪಲ್ಲ. ಸ್ಯಾಂಪಲ್ ಒಂದು ಹೆಜ್ಜಿ ಜಾರಿ ಬೀಳ್ತದ. ಲಾಕ್ ಇರೋ ಇನ್‌ಸ್ಟ್ರಕ್ಷನ್ ಕಾದದ್ದಕ್ಕ ಅದರ ಮುಂದಿನ ಸಾಲಿನ ಮ್ಯಾಲ ಲೆಕ್ಕ ಬರೀತದ. ಹಂಗಾಗಿ ಬಿಸಿ ಸಾಲಿನ ಹಿಂದಿನ ಸಾಲು ಓದ್ರಿ.

ಖಾತ್ರಿ ಮಾಡ್ಕೊಳ್ಳಾಕ ಪರ್ಫ್ ಸಿ2ಸಿ, ಕೋರ್‌ಗಳ ನಡುವ ಓಡಾಡೋ ಲೈನ್ ಹಿಡಿಯೋ ಸಾಧನ. ಪೂರ್ತಿ ಲೋಡ್ ಇದ್ದಾಗ ಎಲ್ಲಾ ಸಿಪಿಯು ಮ್ಯಾಲ 10 ಸೆಕೆಂಡ್ ರೆಕಾರ್ಡ್ ಮಾಡ್ರಿ, ರಿಪೋರ್ಟ್ ತಗೀರಿ. ಹಿಟ್‌ಎಮ್ ಅನ್ನೋ ಕಾಲಂ ನೋಡ್ರಿ: ಬ್ಯಾರೆ ಕೋರ್ ಆಗಲೇ ತಿದ್ದಿ ಇಟ್ಕೊಂಡ ಲೈನ್ ನಮಗ ಎಷ್ಟು ಸಲ ಬೇಕಾಯ್ತು ಅನ್ನೋ ಸಂಖ್ಯೆ ಅದು. ಲೋಕಲ್ ಅಂದ್ರ ಅದೇ ಸಾಕೆಟ್, ರಿಮೋಟ್ ಅಂದ್ರ ಆಚೆ ಸಾಕೆಟ್. ಲೈನ್ ಒಳಗಿನ ಆಫ್‌ಸೆಟ್ ಸಹ ತೋರಸ್ತದ. ಆ ಆಫ್‌ಸೆಟ್ ಹಿಡಕೊಂಡು ಸ್ಟ್ರಕ್ಟ್ ಜೋಡಣೆ ತೋರಸೋ ಪಹೋಲ್‌ನಾಗ ನಿಮ್ಮ ಸ್ಟ್ರಕ್ಟ್ ತಗದ್ರ ಯಾವ ಫೀಲ್ಡ್ ಅನ್ನೋದು ನೇರ ಸಿಗ್ತದ. ಪ್ಯಾಕೆಟ್‌ಗೆ ಎಷ್ಟು ಅಟಾಮಿಕ್ ಅನ್ನೋ ಸರಾಸರಿ ಬೇಕಂದ್ರ ಇಂಟೆಲ್ ಸ್ಕೈಲೇಕ್ ಮತ್ತ ಆಮ್ಯಾಲಿನವುಗಳಾಗ ಮೆಮ್_ಇನ್‌ಸ್ಟ್_ರಿಟೈರ್ಡ್.ಲಾಕ್_ಲೋಡ್ಸ್ ಅನ್ನೋ ಇವೆಂಟ್ ಅದ. ಪರ್ಫ್ ಸ್ಟ್ಯಾಟ್‌ನಿಂದ ಎಣಿಸಿ, ಅಷ್ಟು ಹೊತ್ತಿನ ಪ್ಯಾಕೆಟ್ ಸಂಖ್ಯೆಯಿಂದ ಭಾಗಿಸ್ರಿ. ಇದನ್ನ ವರ್ಚುವಲ್ ಮಷೀನ್ ಒಳಗ ಮಾಡಬ್ಯಾಡ್ರಿ, ಬಹಳ ಕಡೆ ಈ ಇವೆಂಟ್ ಗೆಸ್ಟ್‌ಗೆ ಕಾಣೋದ ಇಲ್ಲ.

ಲಾಕ್ ಕಂಡ ಕೂಡ್ಲೆ ಹೆದರಬ್ಯಾಡ್ರಿ. ಎಕ್ಸ್86 ಮ್ಯಾಲ ಎಸ್‌ಎಂಪಿ_ಎಂಬಿ ಬ್ಯಾರಿಯರ್ (ಮೆಮೊರಿ ಓದು-ಬರಹದ ಕ್ರಮ ಕಾಯೋದು) ಸಹ ಸ್ಟ್ಯಾಕ್ ಮ್ಯಾಲಿನ ಒಂದು ಲಾಕ್ ಆಡ್ ಆಗಿ ಕಂಪೈಲ್ ಆಗ್ತದ. ಅದು ಸ್ವಂತ ಸ್ಟ್ಯಾಕ್ ಲೈನ್, ಯಾರೂ ಕಸಿಯೋದಿಲ್ಲ, ಅದರ ಖರ್ಚು ಆ 20 ಸೈಕಲ್ ಅಷ್ಟ. ಸ್ಪಿನ್‌ಲಾಕ್ ಹಿಡಿಯೋದು ಒಂದು ಲಾಕ್ ಕಂಪೇರ್ ಎಕ್ಸ್‌ಚೇಂಜ್, ಬಿಡೋದು ಬರೇ ಒಂದು ಬೈಟ್ ಬರೆಯೋದು.

---

ಡೆಕ್ಕನ್_ಆರ್‌ಸಿಯು, ಪುಣೆ

ಮೇಲಿನವರು ಹೇಳಿದ ಲೆಕ್ಕ ಸರಿ. ಮಾಡ್ಯೂಲ್ ಒಳಗಿನ ಐದನ್ನು ಒಂದೊಂದಾಗಿ ನೋಡೋಣ, ಏಕೆಂದರೆ ಐದಕ್ಕೂ ಒಂದೇ ಮದ್ದಲ್ಲ.

ಮೊದಲು ರೆಫ್‌ಕೌಂಟ್. ನೆಟ್‌ಫಿಲ್ಟರ್ ಹುಕ್‌ಗಳನ್ನು ಕರ್ನಲ್ ಆರ್‌ಸಿಯು ರೀಡ್ ಲಾಕ್ ಹಿಡಿದೇ ಕರೆಯುತ್ತದೆ. ಆರ್‌ಸಿಯು ಅಂದರೆ ಈಗಿರುವ ಓದುಗರು ಮುಗಿಸುವವರೆಗೆ ವಸ್ತುವನ್ನು ಫ್ರೀ ಮಾಡದೆ ಕಾಯುವ ವ್ಯವಸ್ಥೆ. ಹುಡುಕಿ, ಬಳಸಿ, ಹುಕ್ ಮುಗಿಯುವುದರೊಳಗೆ ಪಾಯಿಂಟರ್ ಕೈಬಿಡುತ್ತೀರಿ ಎಂದಾದರೆ ರೆಫರೆನ್ಸ್ ಬೇಕೇ ಇಲ್ಲ. ಫ್ಲೋ ಅನ್ನು ಟೇಬಲ್‌ನಿಂದ ಬಿಡಿಸಿದ ಮೇಲೆ ಕಾಲ್_ಆರ್‌ಸಿಯು ಮೂಲಕ ಫ್ರೀ ಮಾಡಿದರೆ ಸಾಕು. ಇದರಿಂದ ಎರಡು ಅಟಾಮಿಕ್ ಹೋಯಿತು. ಅದರಲ್ಲೂ ಇಂಕ್_ನಾಟ್_ಜೀರೊ ಉಳಿದವಕ್ಕಿಂತ ಕೆಟ್ಟದ್ದು: ಅದು ಕಂಪೇರ್ ಎಕ್ಸ್‌ಚೇಂಜ್ ಲೂಪ್. ಓದಿದ ಮೇಲೆ ಬರೆಯುವಷ್ಟರಲ್ಲಿ ಬೇರೆ ಕೋರ್ ಬದಲಿಸಿದ್ದರೆ ಮತ್ತೆ ಮೊದಲಿನಿಂದ. ಜಗಳ ಹೆಚ್ಚಿದಷ್ಟೂ ಸೋಲು ಹೆಚ್ಚು.

ರೆಫರೆನ್ಸ್ ನಿಜವಾಗಿ ಬೇಕಾಗುವುದು ಪಾಯಿಂಟರ್ ಹುಕ್ ದಾಟಿ ಬದುಕಿದಾಗ ಮಾತ್ರ. ವರ್ಕ್ ಕ್ಯೂಗೆ ಕೊಟ್ಟಿರಿ, ಟೈಮರ್ ಒಳಗೆ ಇಟ್ಟಿರಿ, ಎಸ್‌ಕೆಬಿಯ (ಕರ್ನಲ್‌ನಲ್ಲಿ ಪ್ಯಾಕೆಟ್ ಹೊರುವ ಸ್ಟ್ರಕ್ಟ್) ಸಿಬಿ ಎಂಬ ತಾತ್ಕಾಲಿಕ ಜಾಗದಲ್ಲಿ ಬಚ್ಚಿಟ್ಟು ಪೋಸ್ಟ್‌ರೌಟಿಂಗ್‌ನಲ್ಲಿ ತೆಗೆದುಕೊಂಡಿರಿ ಎಂದರೆ ಅಲ್ಲಿ ಮಾತ್ರ ತೆಗೆದುಕೊಳ್ಳಿ. ಸಿಬಿಯಲ್ಲಿ ಇಡುವುದಂತೂ ಬೇಡವೇ ಬೇಡ. ನಡುವೆ ಬರುವ ಐಪಿ ಪದರ ಅದೇ ಜಾಗವನ್ನು ತನ್ನ ಕೆಲಸಕ್ಕೆ ಬಳಸುತ್ತದೆ.

ಇಲ್ಲಿ ಹಲವರು ಎಡವುವ ಒಂದು ಜಾಗ ಇದೆ. ಫ್ಲೋ ಅನ್ನು ಟೇಬಲ್‌ನಿಂದ ಬಿಡಿಸಿದ ಕ್ಷಣದಲ್ಲೇ ಕೌಂಟರ್ ಓದಿ ರಿಪೋರ್ಟ್ ಕಳಿಸುತ್ತಾರೆ. ಆದರೆ ಬಿಡಿಸುವುದಕ್ಕೆ ಮೊದಲೇ ಅದನ್ನು ಹುಡುಕಿಕೊಂಡ ಇನ್ನೊಂದು ಕೋರ್ ಇನ್ನೂ ಅದರ ಮೇಲೆ ಕೂಡಿಸುತ್ತಿರಬಹುದು. ರಿಪೋರ್ಟ್‌ನಲ್ಲಿ ಒಂದೆರಡು ಪ್ಯಾಕೆಟ್ ಕಡಿಮೆ ಬೀಳುತ್ತದೆ, ತಿಂಗಳುಗಟ್ಟಲೆ ಲೆಕ್ಕ ತಾಳೆಯಾಗುವುದಿಲ್ಲ. ಕೊನೆಯ ಓದು ಆರ್‌ಸಿಯು ಕಾಲ್‌ಬ್ಯಾಕ್ ಒಳಗೆ ಇರಲಿ. ಅಷ್ಟು ಹೊತ್ತಿಗೆ ಹಳೆಯ ಓದುಗರೆಲ್ಲ ಹೊರಗೆ ಹೋಗಿರುತ್ತಾರೆ.

ಒಟ್ಟು ಕೌಂಟರ್ ಅನ್ನು ಪರ್-ಸಿಪಿಯು ಮಾಡಿ, ಅಂದರೆ ಪ್ರತಿ ಸಿಪಿಯುಗೂ ಅದರದೇ ಒಂದು ಕೌಂಟರ್. ದಿಸ್_ಸಿಪಿಯು_ಆಡ್ ಎಕ್ಸ್86 ಮೇಲೆ ಜಿಎಸ್ ಸೆಗ್ಮೆಂಟ್ ಹಿಡಿದ ಒಂದೇ ಆಡ್ ಇನ್‌ಸ್ಟ್ರಕ್ಷನ್, ಲಾಕ್ ಪ್ರಿಫಿಕ್ಸ್ ಇಲ್ಲ. ಅದೇ ಸಿಪಿಯು ಮೇಲೆ ಬರುವ ಇಂಟರಪ್ಟ್‌ನಿಂದ ಅದು ಹಾಳಾಗುವುದಿಲ್ಲ, ಏಕೆಂದರೆ ಒಂದು ಇನ್‌ಸ್ಟ್ರಕ್ಷನ್ ಅರ್ಧಕ್ಕೆ ನಿಲ್ಲುವುದಿಲ್ಲ. ಬೇರೆ ಸಿಪಿಯು ಆ ಜಾಗಕ್ಕೆ ಬರೆಯುವುದೇ ಇಲ್ಲ. ಓದುವವರು ಎಲ್ಲ ಸಿಪಿಯುಗಳ ಮೊತ್ತ ಕೂಡಿಸಿಕೊಳ್ಳಲಿ, ಅದು ಸೆಕೆಂಡಿಗೊಮ್ಮೆ ಆಗುವ ಕೆಲಸ.

ಹಾಗೆಂದು ಫ್ಲೋ ಕೌಂಟರ್‌ಗಳನ್ನೂ ಪರ್-ಸಿಪಿಯು ಮಾಡಲು ಹೊರಡಬೇಡಿ. 16 ಬೈಟ್ ಗುಣಿಸು 48 ಸಿಪಿಯು ಅಂದರೆ ಫ್ಲೋ ಒಂದಕ್ಕೆ 768 ಬೈಟ್, 10 ಲಕ್ಷ ಫ್ಲೋಗೆ 768 ಮೆಗಾಬೈಟ್. ಕ್ಯಾಶ್‌ಗೆ ಅದರಷ್ಟು ಹೊಡೆತ ಇನ್ನೊಂದಿಲ್ಲ. ಒಂದು ಫ್ಲೋನ ಪ್ಯಾಕೆಟ್‌ಗಳು ಆರ್‌ಎಸ್‌ಎಸ್ (ಕಾರ್ಡ್ ಪ್ಯಾಕೆಟ್‌ಗಳನ್ನು ಕ್ಯೂಗಳಿಗೆ ಹಂಚುವ ರೀತಿ) ಹ್ಯಾಶ್‌ನಿಂದ ಒಂದೇ ಕ್ಯೂಗೆ, ಹಾಗಾಗಿ ಒಂದೇ ಕೋರ್‌ಗೆ ಬರುತ್ತವೆ. ಅಲ್ಲಿ ಅಟಾಮಿಕ್ ಇದ್ದರೂ ಜಗಳ ಇಲ್ಲ. ಬರೀ ಆಡ್‌ಗೆ ಇಳಿಸಬಹುದು ನಿಜ, ಆದರೆ ಯಾರಾದರೂ ನಾಳೆ ಆರ್‌ಪಿಎಸ್ (ಅದೇ ಹಂಚಿಕೆಯನ್ನು ಕರ್ನಲ್ ಮಾಡುವುದು) ಆನ್ ಮಾಡಿದರೆ ಅಥವಾ ಆರ್‌ಎಸ್‌ಎಸ್ ಟೇಬಲ್ ತಿರುಗಿಸಿದರೆ ಎರಡು ಕೋರ್ ಒಟ್ಟಿಗೆ ಬರೆದು ಎಣಿಕೆ ಸದ್ದಿಲ್ಲದೆ ಕಳೆದುಹೋಗುತ್ತದೆ. ನನ್ನ ಅಭಿಪ್ರಾಯ: ಆ 40 ಸೈಕಲ್ ಕೊಟ್ಟು ನೆಮ್ಮದಿಯಾಗಿರಿ. ಒಂದು ಜಾಗ ಮಾತ್ರ ಸರಿಪಡಿಸಿ. ಹೋಗುವ ದಿಕ್ಕು, ಬರುವ ದಿಕ್ಕು ಎರಡಕ್ಕೂ ಒಂದೇ ಫ್ಲೋ ಸ್ಟ್ರಕ್ಟ್ ಇದ್ದರೆ, ತಿರುಗುಮುರುಗು ವಿಳಾಸಕ್ಕೆ ಸಾಮಾನ್ಯ ಆರ್‌ಎಸ್‌ಎಸ್ ಕೀ ಬೇರೆ ಹ್ಯಾಶ್ ಕೊಡುತ್ತದೆ, ಬೇರೆ ಕೋರ್ ಬರುತ್ತದೆ. ದಿಕ್ಕಿಗೊಂದು ಕೌಂಟರ್ ಜೋಡಿ, ಎರಡೂ ಬೇರೆ ಬೇರೆ ಕ್ಯಾಶ್ ಲೈನ್‌ನಲ್ಲಿ.

ಜಿಫೀಸ್ ಬರೆಯುವುದು ಅಟಾಮಿಕ್ ಅಲ್ಲ ಎಂದು ನೀವು ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಲೈನ್ ಕಸಿಯುವುದಕ್ಕೆ ಅಟಾಮಿಕ್ಕೇ ಆಗಬೇಕೆಂದಿಲ್ಲ, ಸಾಮಾನ್ಯ ಬರಹವೂ ಕಸಿಯುತ್ತದೆ. ಎರಡೂ ದಿಕ್ಕಿನ ಕೋರ್‌ಗಳು ಪ್ರತಿ ಪ್ಯಾಕೆಟ್‌ಗೆ ಅದನ್ನೇ ಬರೆಯುತ್ತಿದ್ದರೆ ಲೈನ್ ಅತ್ತಿತ್ತ ಓಡಾಡುತ್ತಲೇ ಇರುತ್ತದೆ. ಮೊದಲು ಓದಿ, ಈಗಿನ ಜಿಫೀಸ್‌ಗಿಂತ ಬೇರೆ ಇದ್ದರೆ ಮಾತ್ರ ಬರೆಯಿರಿ. ಹರ್ಟ್ಸ್ 250ರ ಕರ್ನಲ್‌ನಲ್ಲಿ ಜಿಫೀಸ್ ಸೆಕೆಂಡಿಗೆ 250 ಸಲ ಮಾತ್ರ ಬದಲಾಗುತ್ತದೆ. ಲಕ್ಷಗಟ್ಟಲೆ ಬರಹ ಇನ್ನೂರೈವತ್ತರ ಆಸುಪಾಸಿಗೆ ಇಳಿಯುತ್ತದೆ. ಒಂದು ಇಫ್ ಸಾಲಿಗೆ ಇಷ್ಟು ಲಾಭ ಬೇರೆಲ್ಲೂ ಸಿಗುವುದಿಲ್ಲ.

ಸ್ಟ್ರಕ್ಟ್ ಜೋಡಣೆಯೂ ನೋಡಿ. ಹುಡುಕುವಾಗ ಓದುವ ಕೀ ಮತ್ತು ಮುಂದಿನ ಪಾಯಿಂಟರ್ ಮೊದಲ 64 ಬೈಟ್‌ನಲ್ಲಿ, ಬರೆಯುವ ಕೌಂಟರ್‌ಗಳು ಕ್ಯಾಶ್‌ಲೈನ್_ಅಲೈನ್ಡ್ ಗುರುತು ಹಾಕಿ ಮುಂದಿನ ಲೈನ್‌ನಲ್ಲಿ. ಹ್ಯಾಶ್ ಸರಪಳಿಯಲ್ಲಿ ನಿಮ್ಮ ಫ್ಲೋ ದಾಟಿ ಮುಂದಿನದನ್ನು ಹುಡುಕುವ ಬೇರೆ ಕೋರ್ ನಿಮ್ಮ ಕೀ ಓದಲೇಬೇಕು. ಪಕ್ಕದಲ್ಲೇ ಕೌಂಟರ್ ಇದ್ದರೆ ಸಂಬಂಧವಿಲ್ಲದ ಆ ಕೋರ್ ಕೂಡ ಕಾಯುತ್ತದೆ.

ಅಟಾಮಿಕ್ ತೆಗೆದು ಸ್ಪಿನ್‌ಲಾಕ್ ಹಾಕಿದರೆ ಹೇಗೆ ಎಂಬ ಪ್ರಶ್ನೆ ಮುಂದೆ ಬರಬಹುದು, ಈಗಲೇ ಹೇಳಿಬಿಡುತ್ತೇನೆ. ಒಂದು ಅಟಾಮಿಕ್ ಬದಲು ಒಂದು ಲಾಕ್ ಹಾಕಿದರೆ ಗಳಿಸಿದ್ದೇನಿಲ್ಲ. ಒಂದೇ ವಸ್ತುವಿನ ಮೇಲೆ ಮೂರು ನಾಲ್ಕು ಫೀಲ್ಡ್ ಒಟ್ಟಿಗೆ ಬದಲಾಗಬೇಕಾದಾಗ ಮಾತ್ರ ಒಂದು ಲಾಕ್ ಒಳಗೆ ಸಾಮಾನ್ಯ ಆಡ್‌ಗಳು ಅಗ್ಗ.

---

ಮಾಟುಂಗಾ_ಮಲ್ಟಿಕಾಸ್ಟ್, ಮುಂಬೈ

ಮೂರನೇ ಪ್ರಶ್ನೆಗೆ, ಅಂದರೆ ಕರ್ನಲ್ ತಾನೇ ಮಾಡುವ ಅಟಾಮಿಕ್‌ಗಳಿಗೆ ಬರುತ್ತೇನೆ.

ಮೊಟ್ಟಮೊದಲು ಮಷೀನ್ ಮೇಲೆ ಯಾವುದಾದರೂ ಟರ್ಮಿನಲ್‌ನಲ್ಲಿ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಓಡುತ್ತಿದೆಯೇ ನೋಡಿ. ಫಿಲ್ಟರ್‌ಗೆ ಒಂದು ಪ್ಯಾಕೆಟ್ ಕೂಡ ಹೊಂದದಿದ್ದರೂ ಸರಿ, ಆ ಇಂಟರ್‌ಫೇಸ್‌ನ ಪ್ರತಿ ಪ್ಯಾಕೆಟ್‌ಗೆ ಎಸ್‌ಕೆಬಿಯ ಯೂಸರ್ಸ್ ಕೌಂಟ್ ಒಂದು ಏರಿ ಒಂದು ಇಳಿಯುತ್ತದೆ. ಫಿಲ್ಟರ್ ಓಡುವುದೇ ಅದಾದ ಮೇಲೆ. ಸಾಮಾನ್ಯ ದಾರಿಯಲ್ಲಿ ಈ ಕೌಂಟ್‌ಗೆ ಅಟಾಮಿಕ್ಕೇ ನಡೆಯುವುದಿಲ್ಲ: ಫ್ರೀ ಮಾಡುವಾಗ ಕೌಂಟ್ 1 ಎಂದು ಓದಿ ಗೊತ್ತಾದರೆ ಕರ್ನಲ್ ಇಳಿಸುವ ಗೋಜಿಗೇ ಹೋಗುವುದಿಲ್ಲ, ಏಕೆಂದರೆ ಒಬ್ಬನೇ ಒಡೆಯ. ಡೇಟಾ ಭಾಗದ ಡೇಟಾರೆಫ್ ಕೂಡ ಹಾಗೆಯೇ, ಎಸ್‌ಕೆಬಿ ಕ್ಲೋನ್ ಆಗಿರದಿದ್ದರೆ ಅದನ್ನು ಮುಟ್ಟುವುದಿಲ್ಲ. ಪ್ಯಾಕೆಟ್‌ಗೆ ಎರಡನೇ ಒಡೆಯ ಹುಟ್ಟದಂತೆ ನೋಡಿಕೊಳ್ಳುವುದೇ ಇಲ್ಲಿ ದೊಡ್ಡ ಉಳಿತಾಯ.

ಕನೆಕ್ಷನ್ ಟ್ರ್ಯಾಕಿಂಗ್ ಎಲ್ಲ ಪ್ಯಾಕೆಟ್‌ಗೂ ಬೇಕೇ? ಹುಡುಕುವಾಗ ಒಂದು ಇಂಕ್_ನಾಟ್_ಜೀರೊ, ಎಸ್‌ಕೆಬಿ ಫ್ರೀ ಆಗುವಾಗ ಒಂದು ಇಳಿಕೆ. ಎನ್‌ಎಫ್_ಕಾನ್‌ಟ್ರ್ಯಾಕ್_ಅಕ್ಟ್ ಆನ್ ಇದ್ದರೆ ಪ್ಯಾಕೆಟ್‌ಗೊಂದು, ಬೈಟ್‌ಗೊಂದು ಅಟಾಮಿಕ್64 ಹೆಚ್ಚುವರಿ. ಮೂಲತಃ ಇದು 0, ಯಾರೋ ಗ್ರಾಫ್‌ಗಾಗಿ 1 ಮಾಡಿ ಮರೆತಿರುತ್ತಾರೆ. ಟ್ರ್ಯಾಕಿಂಗ್ ಬೇಡದ ಟ್ರಾಫಿಕ್‌ಗೆ ರಾ ಟೇಬಲ್‌ನಲ್ಲಿ ನೋಟ್ರ್ಯಾಕ್ ಹಾಕಿ; ರಾ ಆದ್ಯತೆ -300, ಕಾನ್‌ಟ್ರ್ಯಾಕ್ -200, ಹಾಗಾಗಿ ಮೊದಲೇ ಹಿಡಿಯುತ್ತದೆ. ಎರಡೂ ದಿಕ್ಕಿಗೆ ಹಾಕಬೇಕು. ಒಂದೇ ದಿಕ್ಕಿಗೆ ಹಾಕಿದರೆ ಮರಳಿ ಬರುವ ಪ್ಯಾಕೆಟ್ ತಾನೇ ಹೊಸ ಎಂಟ್ರಿ ಹುಟ್ಟಿಸುತ್ತದೆ, ಟಿಸಿಪಿ ಆದರೆ ಇನ್‌ವ್ಯಾಲಿಡ್ ಎಂದೂ ಬೀಳಬಹುದು. ನ್ಯಾಟ್ ಬೇಕಾದ ಫ್ಲೋಗೆ ಇದು ಆಗದು, ಎಸ್ಟಾಬ್ಲಿಷ್ಡ್ ನೋಡುವ ಫೈರ್‌ವಾಲ್ ನಿಯಮವೂ ಹೊಂದುವುದಿಲ್ಲ.

ಬರೀ ಫಾರ್ವರ್ಡ್ ಮಾಡುವ ಮಷೀನ್‌ನಲ್ಲಿ ಐಪಿ_ಅರ್ಲಿ_ಡೀಮಕ್ಸ್ 0 ಮಾಡಿ. ಪ್ಯಾಕೆಟ್ ಇಲ್ಲಿನ ಯಾವುದಾದರೂ ಸಾಕೆಟ್‌ಗೆ ಸೇರಿದ್ದೇ ಎಂದು ರೌಟಿಂಗ್‌ಗೆ ಮುಂಚೆ ಹುಡುಕುವ ಕೆಲಸ ಅದು, ಗೇಟ್‌ವೇಗೆ ವ್ಯರ್ಥ.

ಕ್ಯೂ ಸಂಖ್ಯೆ 12ಕ್ಕೆ ಇಳಿಸಿ, ಐಆರ್‌ಕ್ಯೂ ಬ್ಯಾಲೆನ್ಸ್ ನಿಲ್ಲಿಸಿ, ಒಂದೊಂದು ಕ್ಯೂನ ಇಂಟರಪ್ಟ್ ಅನ್ನು ಕಾರ್ಡ್ ಇರುವ ಸಾಕೆಟ್‌ನ ಒಂದೊಂದು ಕೋರ್‌ಗೆ ಕಟ್ಟಿಹಾಕಿ. ಕಳಿಸುವ ಕ್ಯೂ ಕೂಡ ಅದೇ ಕೋರ್‌ಗೆ ಎಕ್ಸ್‌ಪಿಎಸ್‌ನಿಂದ ಹೊಂದಿಸಿ. ಎರಡು ಕೋರ್ ಒಂದೇ ಟಿಎಕ್ಸ್ ಕ್ಯೂಗೆ ನುಗ್ಗಿದರೆ ಕ್ಯೂಡಿಸ್ಕ್ ಲಾಕ್ ಮತ್ತು ಟಿಎಕ್ಸ್ ಲಾಕ್ ಎರಡರಲ್ಲೂ ಗುದ್ದಾಟ. ಕಳಿಸಿ ಮುಗಿದ ಎಸ್‌ಕೆಬಿಯನ್ನು ಬೇರೆ ಕೋರ್ ಫ್ರೀ ಮಾಡಿದರೆ ಮೆಮೊರಿ ಹಂಚುವ ಸ್ಲ್ಯಾಬ್ ತನ್ನ ವೇಗದ ದಾರಿ ಬಿಟ್ಟು ಕಂಪೇರ್ ಎಕ್ಸ್‌ಚೇಂಜ್ ದಾರಿಗೆ ಇಳಿಯುತ್ತದೆ.

ರೌಟ್ ಎಂಟ್ರಿಯ ಬಗ್ಗೆ ಒಂದು ಸೂಕ್ಷ್ಮ. ಒಳಬರುವ ಪ್ಯಾಕೆಟ್‌ಗೆ ಕರ್ನಲ್ ಡಿಎಸ್‌ಟಿಯನ್ನು (ಅದೇ ರೌಟ್ ಎಂಟ್ರಿ) ರೆಫರೆನ್ಸ್ ಇಲ್ಲದೆಯೇ ಅಂಟಿಸುತ್ತದೆ, ಆರ್‌ಸಿಯು ನಂಬಿ. ಸಾಮಾನ್ಯ ಈಥರ್ನೆಟ್ ಡಿವೈಸ್ ಕಳಿಸುವ ಮುನ್ನ ಅದನ್ನು ಬಿಸಾಡುತ್ತದೆ, ಅಟಾಮಿಕ್ ಇಲ್ಲ. ಆದರೆ ಹೊರಹೋಗುವುದು ಟನಲ್ ಡಿವೈಸ್ ಆದರೆ ಅದಕ್ಕೆ ಡಿಎಸ್‌ಟಿ ಬೇಕು, ಆಗ ನಿಜವಾದ ರೆಫರೆನ್ಸ್ ತೆಗೆದುಕೊಳ್ಳುತ್ತದೆ. ಸಾವಿರಾರು ಫ್ಲೋ ಒಂದೇ ಗೇಟ್‌ವೇ ಕಡೆ ಹೋಗುತ್ತಿದ್ದರೆ ಎಲ್ಲವೂ ಒಂದೇ ಡಿಎಸ್‌ಟಿಯ ಒಂದೇ ಕೌಂಟರ್ ಮೇಲೆ ಬೀಳುತ್ತವೆ. ಕರ್ನಲ್ 6.4ರಲ್ಲಿ ಈ ಕೌಂಟರ್ ಅನ್ನು ಆರ್‌ಸಿಯುರೆಫ್ ಎಂಬ ಹೊಸ ಬಗೆಗೆ ಬದಲಿಸಿದರು: ಕಂಪೇರ್ ಎಕ್ಸ್‌ಚೇಂಜ್ ಲೂಪ್ ಹೋಗಿ, ಷರತ್ತಿಲ್ಲದ ಒಂದು ಆಡ್ ಬಂತು. ಜೊತೆಗೆ ಓದುವ ಫೀಲ್ಡ್‌ಗಳ ಲೈನ್‌ನಿಂದ ಅದನ್ನು ದೂರ ಸರಿಸಿದರು. ಟನಲ್ ಇದ್ದರೆ ಅಷ್ಟಕ್ಕಾದರೂ ಅಪ್‌ಗ್ರೇಡ್ ಮಾಡಿ. ಎಸ್‌ಕೆಬಿಯ ಪೇಜ್‌ಗಳು ಪೇಜ್ ಪೂಲ್‌ಗೆ (ಮರುಬಳಕೆಯ ಪೇಜ್‌ಗಳ ಸಂಗ್ರಹ) ಮರಳುವುದು 5.14ರಿಂದ, ಯುಡಿಪಿ ಜಿಆರ್‌ಒ (ಪ್ಯಾಕೆಟ್ ಒಗ್ಗೂಡಿಸುವುದು) ಫಾರ್ವರ್ಡಿಂಗ್ 5.12ರಿಂದ. ಒಂದೇ ಫ್ಲೋನ ಹಲವು ಪ್ಯಾಕೆಟ್ ಒಂದಾಗಿ ಬಂದರೆ ನಿಮ್ಮ ಹುಕ್ ಕೂಡ ಒಂದೇ ಸಲ ಓಡುತ್ತದೆ. ಆದರೆ ಆಗ ಪ್ಯಾಕೆಟ್ ಕೌಂಟರ್‌ಗೆ 1 ಕೂಡಿಸಬೇಡಿ, ಎಷ್ಟು ಒಂದಾಗಿವೆ ಎಂದು ಹೇಳುವ ಜಿಎಸ್‌ಒ_ಸೆಗ್ಸ್ ನೋಡಿ ಕೂಡಿಸಿ.

ರೆಫ್‌ಕೌಂಟ್ ತೆಗೆಯಲಾಗದ ಕಡೆ ಏನು ಮಾಡಬೇಕು ಎಂಬುದಕ್ಕೆ ಇಂಟೆಲ್ ಡ್ರೈವರ್‌ಗಳ ಪೇಜ್‌ಕೌಂಟ್_ಬಯಾಸ್ ಓದಿ. ಐಜಿಬಿಯಲ್ಲೂ ಐಎಕ್ಸ್‌ಜಿಬಿಇಯಲ್ಲೂ ಇದೆ. 4 ಕಿಲೋಬೈಟ್ ಪೇಜನ್ನು 2048 ಬೈಟ್‌ನ ಎರಡು ಭಾಗ ಮಾಡಿ ಪ್ಯಾಕೆಟ್ ಇಳಿಸುತ್ತಾರೆ. ಪ್ರತಿ ಪ್ಯಾಕೆಟ್‌ಗೆ ಪೇಜ್ ಕೌಂಟ್ ಏರಿಸುವ ಬದಲು ಒಂದೇ ಏಟಿಗೆ 65534 ಕೂಡಿಸಿಟ್ಟುಕೊಂಡು, ಡ್ರೈವರ್ ತನ್ನ ಬಳಿ 65535ರ ಒಂದು ಸಾಮಾನ್ಯ ಸಂಖ್ಯೆ ಇಟ್ಟುಕೊಳ್ಳುತ್ತದೆ. ಸ್ಟ್ಯಾಕ್‌ಗೆ ಒಂದು ಭಾಗ ಕೊಟ್ಟಾಗಲೆಲ್ಲ ಆ ಸಂಖ್ಯೆಯಿಂದ 1 ಕಳೆಯುತ್ತದೆ, ಅಟಾಮಿಕ್ ಇಲ್ಲ. ಲೋಕಲ್ ರೈಲಿಗೆ ದಿನಾ ಕೌಂಟರ್ ಮುಂದೆ ನಿಲ್ಲದೆ ತಿಂಗಳ ಪಾಸ್ ಮಾಡಿಸಿದ ಹಾಗೆ. ಪೇಜ್ ಮರುಬಳಕೆ ಮಾಡಬಹುದೇ ಎಂದು ನೋಡಲು ಪೇಜ್‌ನ ಕೌಂಟ್‌ನಿಂದ ಬಯಾಸ್ ಕಳೆಯುತ್ತಾರೆ. 1ಕ್ಕಿಂತ ಹೆಚ್ಚು ಉಳಿದರೆ ಇನ್ನೊಂದು ಭಾಗ ಸ್ಟ್ಯಾಕ್ ಕೈಯಲ್ಲೇ ಇದೆ, ಮುಟ್ಟಬಾರದು. ಬಯಾಸ್ 1ಕ್ಕೆ ಇಳಿದಾಗ ಮತ್ತೆ 65534. ಸ್ಟ್ಯಾಕ್ ಕಡೆಯಿಂದ ಬಿಡುವಾಗಿನ ಇಳಿಕೆ ಮಾತ್ರ ಅಟಾಮಿಕ್ ಆಗಿಯೇ ಉಳಿಯುತ್ತದೆ, ಏಕೆಂದರೆ ಅದು ಯಾವ ಕೋರ್ ಮೇಲೆ ಆಗುತ್ತದೋ ಗೊತ್ತಿಲ್ಲ. ಈ ವಿಧಾನದಲ್ಲಿ ತಪ್ಪುವುದು ಸಾಮಾನ್ಯವಾಗಿ ಕೊನೆಯಲ್ಲಿ: ಪೇಜ್ ಕೈಬಿಡುವಾಗ ಉಳಿದ ಬಯಾಸ್ ಪೂರ್ತಿ ಹಿಂದಿರುಗಿಸದೆ ಒಂದೇ ಪುಟ್_ಪೇಜ್ ಮಾಡಿದರೆ ಆ ಪೇಜ್ ಎಂದಿಗೂ ಫ್ರೀ ಆಗುವುದಿಲ್ಲ.

---

ಬಿಕೆಸಿ_ಫೀಡ್, ಮುಂಬೈ

ಇದಕ್ಕೆ ಹೊಂದಿಕೊಂಡೇ ಒಂದು ಪ್ರಶ್ನೆ. ಎನ್‌ಎಸ್‌ಇ ಟಿಕ್-ಬೈ-ಟಿಕ್ ಫೀಡ್ ಮಲ್ಟಿಕಾಸ್ಟ್ ಯುಡಿಪಿ. ಒಂದೇ ಮಷೀನ್‌ನಲ್ಲಿ ಆರು ಪ್ರೋಸೆಸ್ ಅದೇ ಗ್ರೂಪ್‌ಗೆ ಸೇರಿ ಬೇರೆ ಬೇರೆ ಕೋರ್‌ನಲ್ಲಿ ಓದುತ್ತವೆ. 9:15ಕ್ಕೆ ಮಾರುಕಟ್ಟೆ ತೆರೆದ ಹೊತ್ತಿನಲ್ಲಿ ಎಸ್‌ಕೆಬಿ_ರಿಲೀಸ್_ಡೇಟಾ ಪರ್ಫ್‌ನ ಮೇಲ್ತುದಿಗೆ ಬರುತ್ತದೆ. ಇದೂ ಅದೇ ರೋಗವೇ?

---

ಮಾಟುಂಗಾ_ಮಲ್ಟಿಕಾಸ್ಟ್, ಮುಂಬೈ

ಹೌದು, ಅದೇ. ಮಲ್ಟಿಕಾಸ್ಟ್ ಯುಡಿಪಿಯಲ್ಲಿ ಒಂದು ಸಾಕೆಟ್‌ಗೆ ಮೂಲ ಎಸ್‌ಕೆಬಿ, ಉಳಿದ ಐದಕ್ಕೆ ಒಂದೊಂದು ಕ್ಲೋನ್. ಆರೂ ಒಂದೇ ಡೇಟಾ ಬಫರ್ ಹಂಚಿಕೊಳ್ಳುತ್ತವೆ, ಅದರ ತುದಿಯಲ್ಲಿರುವ ಡೇಟಾರೆಫ್ ಅನ್ನು ಆರು ಕೋರ್‌ಗಳು ಆರು ಸಲ ಇಳಿಸುತ್ತವೆ. ಸಾಕೆಟ್ ಪ್ರತಿಯೊಂದಕ್ಕೆ ರಿಸೀವ್ ಮೆಮೊರಿ ಲೆಕ್ಕ, ಕ್ಯೂ ಲಾಕ್ ಬೇರೆ.

ಮೊದಲು ಐಪಿ_ಮಲ್ಟಿಕಾಸ್ಟ್_ಆಲ್ ಆಯ್ಕೆ ಪ್ರತಿ ಸಾಕೆಟ್‌ನಲ್ಲೂ 0 ಮಾಡಿ. ಮೂಲತಃ ಅದು 1. ಸಾಕೆಟ್ ಅನ್ನು ಎನಿ ವಿಳಾಸ ಮತ್ತು ಪೋರ್ಟ್‌ಗೆ ಬೈಂಡ್ ಮಾಡಿದ್ದರೆ, ತಾನು ಸೇರದ, ಆದರೆ ಅದೇ ಮಷೀನ್‌ನಲ್ಲಿ ಬೇರೆ ಯಾರೋ ಸೇರಿದ ಗ್ರೂಪ್‌ಗಳ ಪ್ಯಾಕೆಟ್ ಕೂಡ ಅದೇ ಪೋರ್ಟ್‌ಗೆ ಬಂದರೆ ಅದಕ್ಕೂ ತಲುಪುತ್ತದೆ. ಅಂದರೆ ಬೇಡದ ಕ್ಲೋನ್, ಓದಿ ಬಿಸಾಡುವ ಕೆಲಸ.

ಆಮೇಲೆ ಓದುವವರನ್ನು ಒಬ್ಬರಿಗೆ ಇಳಿಸಿ. ಒಂದು ಪ್ರೋಸೆಸ್ ರಿಸೀವ್‌ಎಂಎಂಸ್ಜಿ ಮೂಲಕ ಒಟ್ಟೊಟ್ಟಿಗೆ ಎತ್ತಿಕೊಂಡು ಶೇರ್ಡ್ ಮೆಮೊರಿ ರಿಂಗ್‌ಗೆ ಬರೆಯಲಿ, ಆರು ಓದುಗರು ಅಲ್ಲಿಂದ ಓದಲಿ. ಬರೆಯುವವನು ಒಬ್ಬನೇ ಆದ್ದರಿಂದ ಅಟಾಮಿಕ್ ಆಡ್ ಬೇಡ. ಸ್ಲಾಟ್ ತುಂಬುವ ಮುಂಚೆ ಅದರ ಸೀಕ್ವೆನ್ಸ್ ಸಂಖ್ಯೆಯನ್ನು ಅಮಾನ್ಯ ಮಾಡಿ, ತುಂಬಿದ ಮೇಲೆ ಹೊಸ ಸಂಖ್ಯೆಯನ್ನು ರಿಲೀಸ್ ಸ್ಟೋರ್‌ನಿಂದ ಬರೆದರೆ ಸಾಕು, ಎಕ್ಸ್86 ಮೇಲೆ ರಿಲೀಸ್ ಸ್ಟೋರ್ ಅಂದರೆ ಬರೀ ಒಂದು ಮೂವ್. ಓದುಗ ಕಾಪಿ ಮಾಡುವ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಸಂಖ್ಯೆ ನೋಡಲಿ. ಬೇರೆಯಾಗಿದ್ದರೆ ಬರೆಯುವವನು ಒಂದು ಸುತ್ತು ಮುಂದೆ ಹೋಗಿದ್ದಾನೆ, ಆ ಪ್ಯಾಕೆಟ್ ಕಳೆದುಹೋಯಿತು ಎಂದೇ ಹಿಡಿಯಬೇಕು. ಓದುಗರ ಇಂಡೆಕ್ಸ್‌ಗಳನ್ನು 128 ಬೈಟ್ ಅಂತರದಲ್ಲಿಡಿ. ಲೈನ್ 64 ಬೈಟ್ ಆದರೂ ಇಂಟೆಲ್ ಪ್ರಿಫೆಚರ್ ಪಕ್ಕದ ಜೋಡಿ ಲೈನನ್ನೂ ಎಳೆದು ತರುತ್ತದೆ.

---

ವೆರ್ಣಾ_ಎಕ್ಸ್‌ಡಿಪಿ, ಗೋವಾ

ಮೂಲ ಪ್ರಶ್ನೆಗೆ: ಟ್ರಾಫಿಕ್‌ನ ದೊಡ್ಡ ಪಾಲು ಎಣಿಸಿ ಬಿಸಾಡುವುದೇ ಆದರೆ ಎಕ್ಸ್‌ಡಿಪಿಗೆ (ಡ್ರೈವರ್ ಮಟ್ಟದಲ್ಲೇ ಓಡುವ ಬಿಪಿಎಫ್ ಪ್ರೋಗ್ರಾಂ) ತನ್ನಿ. ಅಲ್ಲಿ ಎಸ್‌ಕೆಬಿಯೇ ಹುಟ್ಟಿರುವುದಿಲ್ಲ, ಮೇಲೆ ಹೇಳಿದ ಕೌಂಟ್‌ಗಳಲ್ಲಿ ಮುಕ್ಕಾಲು ಪಾಲು ಇಲ್ಲ. ಆದರೆ ಅಲ್ಲೂ ಅದೇ ತಪ್ಪು ನುಸುಳುತ್ತದೆ. ಸಾಮಾನ್ಯ ಅರೇ ಮ್ಯಾಪ್ ಮೇಲೆ ಸಿಂಕ್_ಫೆಚ್_ಅಂಡ್_ಆಡ್ ಬರೆದರೆ ಅದು ಲಾಕ್ ಆಡ್ ಆಗಿಯೇ ಜಿಟ್ ಆಗುತ್ತದೆ, ಎಲ್ಲ ಕೋರ್ ಒಂದೇ ಲೈನ್ ಮೇಲೆ. ಪರ್‌ಸಿಪಿಯು_ಅರೇ ಬಳಸಿ, ಲುಕಪ್ ನಿಮ್ಮ ಸಿಪಿಯುನ ಸ್ವಂತ ಜಾಗ ಕೊಡುತ್ತದೆ, ಸಾಮಾನ್ಯ ಕೂಡಿಕೆ ಸಾಕು. ಯೂಸರ್‌ಸ್ಪೇಸ್‌ನಿಂದ ಓದುವಾಗ ಕೊಡುವ ಬಫರ್, 8 ಬೈಟ್‌ಗೆ ಸರಿಹೊಂದಿಸಿದ ವ್ಯಾಲ್ಯೂ ಗಾತ್ರ ಗುಣಿಸು ಸಾಧ್ಯವಿರುವ ಸಿಪಿಯುಗಳ ಸಂಖ್ಯೆ. ಆನ್‌ಲೈನ್ ಸಿಪಿಯು ಸಂಖ್ಯೆ ಹಾಕಿದರೆ, ಹಾಟ್‌ಪ್ಲಗ್ ಜಾಗ ಕಾದಿರಿಸಿದ ಮಷೀನ್‌ನಲ್ಲಿ ಕರ್ನಲ್ ನಿಮ್ಮ ಬಫರ್ ದಾಟಿ ಬರೆಯುತ್ತದೆ.

ಕರ್ನಲ್ ಬಿಟ್ಟು ಯೂಸರ್‌ಸ್ಪೇಸ್‌ನಲ್ಲೇ ಪ್ಯಾಕೆಟ್ ನಡೆಸುವ ಡಿಪಿಡಿಕೆ ಕಡೆ ಹೋಗುವುದಿದ್ದರೆ ಕಳಿಸುವ ಕ್ಯೂಗೆ ಎಂಬಫ್ (ಅಲ್ಲಿನ ಪ್ಯಾಕೆಟ್ ಬಫರ್) ಫಾಸ್ಟ್ ಫ್ರೀ ಆಫ್‌ಲೋಡ್ ಇದೆ. ಕ್ಯೂಗೆ ಬರುವ ಎಲ್ಲ ಎಂಬಫ್ ಒಂದೇ ಮೆಂಪೂಲ್‌ನವು, ರೆಫ್‌ಕೌಂಟ್ 1 ಎಂದು ನೀವು ಮಾತು ಕೊಟ್ಟ ಹಾಗೆ. ಎಲ್ಲೋ ಒಂದು ಕಡೆ ಕ್ಲೋನ್ ಮಾಡಿ ಕಳಿಸಿದರೆ ಬಳಕೆಯಲ್ಲಿರುವ ಬಫರ್ ಪೂಲ್‌ಗೆ ಮರಳಿ, ಡೇಟಾ ಕೆಡುತ್ತದೆ. ಕೋರ್‌ನಿಂದ ಕೋರ್‌ಗೆ ರಿಂಗ್ ಹಾಕುವಾಗ ಒಬ್ಬ ಉತ್ಪಾದಕ, ಒಬ್ಬ ಗ್ರಾಹಕ ಎಂಬ ಫ್ಲ್ಯಾಗ್ ಕೊಡಿ. ಇಲ್ಲದಿದ್ದರೆ ಹಲವರಿಗೆಂದು ಕಂಪೇರ್ ಎಕ್ಸ್‌ಚೇಂಜ್ ಓಡುತ್ತದೆ. ಬಹು-ಉತ್ಪಾದಕ ರಿಂಗ್ ಬೇಕೇ ಬೇಕೆಂದರೆ 32 ಪ್ಯಾಕೆಟ್ ಒಟ್ಟಿಗೆ ಹಾಕಿ. 32ಕ್ಕೆ ಒಂದೇ ಕಂಪೇರ್ ಎಕ್ಸ್‌ಚೇಂಜ್.

---

ಹಿಂಜವಡಿ_ಹುಕ್, ಪುಣೆ

ಸಿ2ಸಿ ರಿಪೋರ್ಟ್‌ನ ಮೊದಲ ಸಾಲು ಒಟ್ಟು ಕೌಂಟರ್ ಇದ್ದ ಲೈನ್, ಎರಡನೆಯದು ಫ್ಲೋನ ಜಿಫೀಸ್. ಮೊದಲನೆಯದರ ಪಕ್ಕದಲ್ಲೇ ಮಾಡ್ಯೂಲ್‌ನ ಕಾನ್ಫಿಗ್ ಪಾಯಿಂಟರ್ ಕೂತಿತ್ತು, ಅದನ್ನು ಓದುವವರೂ ಕಾಯುತ್ತಿದ್ದರು. ಪರ್-ಸಿಪಿಯು, ಜಿಫೀಸ್ ಇಫ್, 12 ಕ್ಯೂ ಮೂರೂ ಹಾಕಿದ ಮೇಲೆ 12 ಕ್ಯೂವರೆಗೆ ವೇಗ ಏರುತ್ತಿದೆ, ರಿಮೋಟ್ ಹಿಟ್‌ಎಮ್ ಹೆಚ್ಚುಕಡಿಮೆ ಕಾಣಿಸುತ್ತಿಲ್ಲ.

ರೆಫ್‌ಕೌಂಟ್ ತೆಗೆದು ಕಾಲ್_ಆರ್‌ಸಿಯು ಹಾಕಿದ ಆವೃತ್ತಿ ಓಡುವಾಗ ಸರಿಯಾಗಿದೆ. ಆದರೆ ಲೋಡ್ ಇರುವಾಗ ಮಾಡ್ಯೂಲ್ ತೆಗೆದರೆ ಒಂದೆರಡು ಕ್ಷಣದಲ್ಲಿ ಪ್ಯಾನಿಕ್. ಎಗ್ಸಿಟ್‌ನಲ್ಲಿ ಹುಕ್ ತೆಗೆದು, ಸಿಂಕ್ರೊನೈಜ್_ಆರ್‌ಸಿಯು ಕರೆದು, ಎಲ್ಲ ಫ್ಲೋಗೂ ಕಾಲ್_ಆರ್‌ಸಿಯು ಮಾಡಿ ಹೊರಬರುತ್ತೇವೆ.

---

ಡೆಕ್ಕನ್_ಆರ್‌ಸಿಯು, ಪುಣೆ

ಸಿಂಕ್ರೊನೈಜ್_ಆರ್‌ಸಿಯು ಓದುಗರಿಗಾಗಿ ಕಾಯುತ್ತದೆ, ಸಾಲಿನಲ್ಲಿರುವ ಕಾಲ್‌ಬ್ಯಾಕ್‌ಗಳಿಗಾಗಿ ಅಲ್ಲ. ನಿಮ್ಮ ಕಾಲ್‌ಬ್ಯಾಕ್ ಓಡುವ ಹೊತ್ತಿಗೆ ಮಾಡ್ಯೂಲ್‌ನ ಕೋಡ್ ಮೆಮೊರಿಯಲ್ಲಿ ಇಲ್ಲ, ಖಾಲಿ ವಿಳಾಸಕ್ಕೆ ಹಾರುತ್ತದೆ. ಪ್ಯಾನಿಕ್‌ನ ಸ್ಟ್ಯಾಕ್‌ನಲ್ಲಿ ಆರ್‌ಸಿಯು ಕೋರ್‌ನ ಮೇಲೆ ಹೆಸರಿಲ್ಲದ ಒಂದು ವಿಳಾಸ ಕಂಡರೆ ಅದೇ ಇದು.

ಕ್ರಮ ಹೀಗಿರಲಿ: ಹುಕ್ ತೆಗೆಯಿರಿ. ಹಳೆಯ ಫ್ಲೋ ಗುಡಿಸುವ ಡಿಲೇಡ್ ವರ್ಕ್ ಇದ್ದರೆ ಕ್ಯಾನ್ಸಲ್ ಸಿಂಕ್ ಮಾಡಿ, ಇಲ್ಲದಿದ್ದರೆ ಅದು ಮತ್ತೆ ಕಾಲ್_ಆರ್‌ಸಿಯು ಹಾಕುತ್ತದೆ. ಸಿಂಕ್ರೊನೈಜ್_ಆರ್‌ಸಿಯು. ಆಮೇಲೆ ಎಲ್ಲ ಫ್ಲೋ ಬಿಡಿಸಿ ಕಾಲ್_ಆರ್‌ಸಿಯು. ಆಮೇಲೆ ಆರ್‌ಸಿಯು_ಬ್ಯಾರಿಯರ್, ಇದು ಸಾಲಿನಲ್ಲಿರುವ ಕಾಲ್‌ಬ್ಯಾಕ್ ಎಲ್ಲ ಮುಗಿಯುವವರೆಗೆ ನಿಲ್ಲಿಸುತ್ತದೆ. ಅದಾದ ನಂತರವೇ ಕೆಮೆಮ್_ಕ್ಯಾಶ್_ಡಿಸ್ಟ್ರಾಯ್ ಮತ್ತು ಫ್ರೀ_ಪರ್‌ಸಿಪಿಯು. ಕೊನೆಯ ಎರಡನ್ನು ಬ್ಯಾರಿಯರ್‌ಗೆ ಮುಂಚೆ ಹಾಕಿದರೆ ಕಾಲ್‌ಬ್ಯಾಕ್ ಒಳಗಿನ ಕೊನೆಯ ಕೌಂಟರ್ ಓದು ಫ್ರೀ ಆದ ಜಾಗಕ್ಕೆ ಹೋಗುತ್ತದೆ, ಅದು ಪ್ಯಾನಿಕ್ ಕೂಡ ಆಗದೆ ತಪ್ಪು ಸಂಖ್ಯೆ ಕೊಡಬಹುದು. ತಪ್ಪು ಮೆಮೊರಿ ಬಳಕೆ ಹಿಡಿಯುವ ಕಾಸನ್ ಆನ್ ಇರುವ ಕರ್ನಲ್ ಮೇಲೆ ಲೋಡ್ ಹಾಕಿ ನೂರು ಸಲ ಲೋಡ್-ಅನ್‌ಲೋಡ್ ಮಾಡಿ ನೋಡಿ.